ಮ್ಯೂಸಿಯಂನ ಮೂರ್ತಿಗಳ ಮುಂದೆ ನಿಂತು ಕನ್ನಡದಲ್ಲಿ ಹೇಳುವವರು ಬೇಕು

ಸಂಪಾದಕರಿಗೆ ನಮಸ್ಕಾರ.

ಶಾಲಾ ಪ್ರವಾಸದ ಸೀಸನ್ ಶುರುವಾಗಿದೆ. ಇನ್ನು ಸ್ವಲ್ಪ ದಿನ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಹಂಪಿ, ಹಳೇಬೀಡು, ಎಲ್ಲಿ ನೋಡಿದರೂ ಮಕ್ಕಳನ್ನು ತುಂಬಿಕೊಂಡು ಬಂದ ಬಸ್ಸುಗಳೇ. ನಾನು ಗದಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ, ಪ್ರವಾಸಕ್ಕೆ ಮಕ್ಕಳ ಜೊತೆ ಹೋಗುತ್ತೇನೆ. ಅದಕ್ಕೇ ಈ ಪತ್ರ ಈಗಲೇ ಬರೆಯುತ್ತಿದ್ದೇನೆ. ಈ ಊರುಗಳಲ್ಲಿ ಗುಡಿಗಳ ಜೊತೆಗೆ ಒಂದೊಂದು ಮ್ಯೂಸಿಯಂ ಕೂಡ ಇದೆ. ಐಹೊಳೆಯಲ್ಲಿ ದುರ್ಗ ಗುಡಿಯ ಆವರಣದಲ್ಲೇ ಇದೆ, ಹಂಪಿಯದು ಕಮಲಾಪುರದಲ್ಲಿದೆ. ಒಳಗಿರುವ ಮೂರ್ತಿಗಳಂತೂ ಬೇರೆಲ್ಲೂ ನೋಡಲು ಸಿಗದಂಥವು. ಆದರೆ ಅವುಗಳ ಮುಂದೆ ನಿಂತು ಕನ್ನಡದಲ್ಲಿ ನಾಲ್ಕು ಮಾತು ಹೇಳುವವರು ಸಿಗುವುದು ತೀರಾ ಅಪರೂಪ.

ಗುಡಿ ತೋರಿಸಲು ಗೈಡುಗಳು ಸಿಗುತ್ತಾರೆ. ಅವರಲ್ಲಿ ಚೆನ್ನಾಗಿ ಓದಿಕೊಂಡವರಿದ್ದಾರೆ, ಅವರ ಮೇಲೆ ನನ್ನದೇನೂ ದೂರಿಲ್ಲ. ಆದರೆ ಮ್ಯೂಸಿಯಂ ಬಾಗಿಲಿಗೆ ಬಂದ ಕೂಡಲೇ ಹೆಚ್ಚಿನವರು ನಿಂತುಬಿಡುತ್ತಾರೆ. ‘ಒಳಗೆ ನೀವೇ ನೋಡ್ಕೊಂಡು ಬನ್ನಿ ಮೇಡಂ, ನಾನಿಲ್ಲೇ ಇರ್ತೀನಿ’ ಅನ್ನುತ್ತಾರೆ. ಒಳಗೆ ಕಾವಲಿಗೆ ಕೂತವರು ಹೇಳುವುದು ಎರಡೇ ಮಾತು: ಮುಟ್ಟಬೇಡಿ, ಮುಂದೆ ನಡೀರಿ. ಅವರ ಕೆಲಸ ಅದು, ಪಾಪ. ಮೂರ್ತಿಯ ಕೆಳಗಿನ ಫಲಕದಲ್ಲಿ ಹೆಸರು, ಊರು, ಶತಮಾನ ಇಷ್ಟೇ ಇರುತ್ತದೆ. ‘ಸಪ್ತಮಾತೃಕೆಯರು’ ಅಂತ ಬರೆದರೆ ಎಂಟನೇ ತರಗತಿ ಹುಡುಗನಿಗೆ ಏನು ತಿಳಿಯಬೇಕು ಹೇಳಿ. ಏಳು ಜನ ತಾಯಂದಿರಲ್ಲಿ ಒಬ್ಬಳಿಗೆ ಹಂದಿಯ ಮುಖ ಯಾಕೆ, ಒಬ್ಬಳು ಎಲುಬಿನ ಹಂದರವಾಗಿ ಯಾಕೆ ಕೂತಿದ್ದಾಳೆ, ಸಾಲಿನ ಒಂದು ತುದಿಗೆ ವೀರಭದ್ರ ಇನ್ನೊಂದು ತುದಿಗೆ ಗಣಪತಿ ಯಾಕಿದ್ದಾರೆ, ಇದೆಲ್ಲ ಮಕ್ಕಳು ಕೇಳೇ ಕೇಳುತ್ತಾರೆ. ಎಷ್ಟೋ ಸಾಲುಗಳಲ್ಲಿ ಕಾಲ ಕೆಳಗೆ ವಾಹನ ಕೆತ್ತಿರುತ್ತಾರೆ. ಹಂಸ ಇದ್ದರೆ ಬ್ರಾಹ್ಮಿ, ನವಿಲಿದ್ದರೆ ಕೌಮಾರಿ, ಆನೆ ಇದ್ದರೆ ಇಂದ್ರಾಣಿ. ಇಷ್ಟು ಹೇಳಿಕೊಟ್ಟರೆ ಸಾಕು, ಮುಂದಿನ ಮೂರ್ತಿಯನ್ನು ಮಕ್ಕಳೇ ಗುರುತಿಸುತ್ತಾರೆ, ಓಡೋಡಿ ಬಂದು ನಮಗೇ ಹೇಳುತ್ತಾರೆ. ಹೇಳದಿದ್ದರೆ ಹತ್ತು ನಿಮಿಷದಲ್ಲಿ ಇಡೀ ಮ್ಯೂಸಿಯಂ ಸುತ್ತಿ ಹೊರಗೆ ಬಂದು ಐಸ್‌ಕ್ರೀಂ ಗಾಡಿ ಹತ್ತಿರ ನಿಲ್ಲುತ್ತಾರೆ.

ಬಾದಾಮಿ ಮ್ಯೂಸಿಯಂನ ಲಜ್ಜಾಗೌರಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಾಗನಾಥಕೊಳ್ಳದಿಂದ ತಂದ ಮೂರ್ತಿ ಅದು, ಚಾಲುಕ್ಯರ ಕಾಲದ್ದು. ಹೆಣ್ಣಿನ ಮೈ, ತಲೆಯ ಜಾಗದಲ್ಲಿ ಅರಳಿದ ತಾವರೆ. ಹೆರಿಗೆಗೆ ಕೂತವಳ ಹಾಗೆ ಎರಡೂ ಕಾಲು ಮಡಚಿ ಅಗಲಿಸಿದ್ದಾಳೆ. ಮೈಮೇಲೆ ಒಡವೆ ಬಿಟ್ಟರೆ ಹೆಚ್ಚೇನೂ ಇಲ್ಲ. ಆ ಹೊಟ್ಟೆ, ತೊಡೆಗಳ ಮೈಕಟ್ಟನ್ನು ಕಲ್ಲಿನಲ್ಲಿ ಅಷ್ಟು ಮೃದುವಾಗಿ ತೆಗೆದ ಕೈ ಯಾರದೋ! ಮಕ್ಕಳ ಗುಂಪು ಅದರ ಮುಂದೆ ಬಂದಾಗ ಏನಾಗುತ್ತದೆ ಅಂದರೆ, ಹುಡುಗರು ಒಬ್ಬರನ್ನೊಬ್ಬರು ತಿವಿದು ಕಿಸಿಕಿಸಿ ನಗುತ್ತಾರೆ, ಹುಡುಗಿಯರು ನೆಲ ನೋಡುತ್ತಾರೆ, ಜೊತೆಗಿದ್ದ ಮೇಷ್ಟ್ರು ‘ನಡೀರಿ ನಡೀರಿ, ಟೈಮಾಯ್ತು’ ಅಂತ ಅಟ್ಟುತ್ತಾರೆ. ಒಮ್ಮೆ ನಮ್ಮ ಹಿಂದೆಯೇ ಒಂದು ಹಳ್ಳಿಯ ಕುಟುಂಬ ಬಂತು. ಅವರಲ್ಲಿ ವಯಸ್ಸಾದ ಒಬ್ಬ ತಾಯಿ ಮೂರ್ತಿ ನೋಡಿದ ಕೂಡಲೇ ಸೆರಗು ತಲೆ ಮೇಲೆ ಎಳೆದುಕೊಂಡು ಕೈ ಮುಗಿದರು. ಸೊಸೆಗೆ ‘ಮಕ್ಕಳ ಕೊಡೋ ತಾಯಿ ಈಕಿ, ಕೈ ಮುಗಿ’ ಅಂದರು. ನಗುತ್ತಿದ್ದ ಹುಡುಗರು ಸುಮ್ಮನಾದರು. ಯಾರೂ ಬೈಯಲಿಲ್ಲ, ಯಾರೂ ಉಪದೇಶ ಮಾಡಲಿಲ್ಲ, ಒಂದು ಸಾಲಿನ ಮಾತು ಅಷ್ಟೇ.

ಅಲ್ಲಿಂದಲೇ ನಾನು ಮಕ್ಕಳಿಗೆ ಸಿದ್ಧನಕೊಳ್ಳದ ಬಗ್ಗೆ ಹೇಳಿದೆ. ಐಹೊಳೆ, ಪಟ್ಟದಕಲ್ಲುಗಳ ಮಧ್ಯೆ ಇರುವ ಜಾಗ. ಅಲ್ಲಿಯೂ ಇದೇ ದೇವಿ ಇದ್ದಾಳೆ, ಇವತ್ತಿಗೂ ಪೂಜೆ ಆಗುತ್ತದೆ. ಮಕ್ಕಳಾಗಲಿ ಅಂತ ಹರಕೆ ಹೊತ್ತು ಗಂಡ ಹೆಂಡತಿ ಬರುತ್ತಾರೆ. ಯೋಚಿಸಿ ನೋಡಿ, ಒಂದೇ ದೇವಿ. ಒಂದು ಕಡೆ ಅರಿಶಿನ ಕುಂಕುಮ, ಇನ್ನೊಂದು ಕಡೆ ‘ಮುಟ್ಟಬೇಡಿ’ ಅನ್ನುವ ಫಲಕ. ಈ ಎರಡನ್ನೂ ಜೋಡಿಸಿ ಹೇಳುವ ಒಬ್ಬರು ಅಲ್ಲಿ ಇದ್ದರೆ ಆ ಮೂರ್ತಿ ಯಾರಿಗೂ ನಾಚಿಕೆಯ ವಸ್ತುವಾಗುವುದಿಲ್ಲ. ಅದರಲ್ಲೂ ಹೆಣ್ಣುಮಕ್ಕಳೇ ಗೈಡಾಗಿದ್ದರೆ ಎಷ್ಟು ಚೆನ್ನ. ಬಸಿರು, ಬಾಣಂತನ, ತಾಯ್ತನ ಇವನ್ನೆಲ್ಲ ಹದಿಹರೆಯದ ಹುಡುಗಿಯರ ಮುಂದೆ ಅವರು ಸಹಜವಾಗಿ ಹೇಳುತ್ತಾರೆ.

ವೀರಗಲ್ಲಿನ ಕಥೆಯೂ ಇದೇ. ನಮ್ಮ ಉತ್ತರ ಕರ್ನಾಟಕದಲ್ಲಿ ವೀರಗಲ್ಲು ಇಲ್ಲದ ಊರು ಕಡಿಮೆ, ಎಷ್ಟೋ ಕಡೆ ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಅದೇ ಕಲ್ಲನ್ನು ಮ್ಯೂಸಿಯಂನಲ್ಲಿ ನಿಲ್ಲಿಸಿದ್ದಾರೆ ಅಂದರೆ ಜನರಿಗೆ ಅದನ್ನು ಓದುವುದು ಹೇಗೆ ಅಂತ ಕಲಿಸಬೇಕು ಅಲ್ವಾ? ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ ನಡೆದಿದೆ, ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತ ಊರಿನ ಹುಡುಗ ಅಲ್ಲಿರುತ್ತಾನೆ. ಮಧ್ಯದಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಸತ್ತವನು ಜೈನನಾಗಿದ್ದರೆ ಅಲ್ಲಿ ಜಿನ ಇರುತ್ತಾನೆ. ಎಲ್ಲಕ್ಕಿಂತ ಮೇಲೆ ಸೂರ್ಯ ಚಂದ್ರ, ಅವರಿರುವ ತನಕ ಇವನ ಹೆಸರಿರಲಿ ಅಂತ. ಪಕ್ಕದಲ್ಲೇ ಮಾಸ್ತಿಕಲ್ಲು ಇದ್ದರೆ ಬಳೆ ತೊಟ್ಟ ಒಂದು ಕೈ ಮೇಲೆತ್ತಿರುತ್ತದೆ. ಗಂಡನ ಚಿತೆ ಏರಿದ ಹೆಂಗಸಿನ ಕೈ ಅದು. ಅದರ ಮುಂದೆ ನಿಂತು ಮಾತಾಡಲು ತುಂಬಾ ಇದೆ, ಮಕ್ಕಳೂ ಮಾತಾಡುತ್ತಾರೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲಿದೆ, 10ನೇ ಶತಮಾನದ್ದು. ಕಾಡುಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು ಅದು. ಆ ನಾಯಿಯ ಸಮಾಧಿಗೆ ಪೂಜೆ ನಡೆಯಬೇಕು ಅಂತ ಶಾಸನದಲ್ಲೇ ಬರೆದಿದೆ. ಇದನ್ನು ಕೇಳಿದ ಯಾವ ಮಗು ಮರೆಯುತ್ತದೆ?

ಇನ್ನೊಂದು ಪ್ರಶ್ನೆ ಎಲ್ಲ ಮಕ್ಕಳೂ ಕೇಳುತ್ತಾರೆ. ‘ದೇವರನ್ನ ಯಾಕೆ ಇಲ್ಲಿ ತಂದು ಇಟ್ಟಿದ್ದಾರೆ, ಗುಡೀಲಿ ಯಾಕಿಲ್ಲ?’ ಒಳ್ಳೆಯ ಪ್ರಶ್ನೆ. ಕೈ ಮುರಿದ, ಮೂಗು ಒಡೆದ ಮೂರ್ತಿಗೆ ಪೂಜೆ ಸಲ್ಲದು ಅನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಹೊಳೆಗೆ ಬಿಡುತ್ತಿದ್ದರು, ಅರಳಿಮರದ ಬುಡದಲ್ಲಿ ಇಡುತ್ತಿದ್ದರು. ಗುಡಿಯೇ ಬಿದ್ದುಹೋದಾಗ ಮೂರ್ತಿ ಹೊಲದಲ್ಲಿ ಹೂತುಹೋಗುತ್ತಿತ್ತು, ನೇಗಿಲಿಗೆ ಸಿಕ್ಕು ಮೇಲೆ ಬರುತ್ತಿತ್ತು. ಕೆಲವನ್ನು ಊರಿನಿಂದಲೇ ದೂರ ಸಾಗಿಸಿದ್ದಾರೆ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಚಾವಣಿಯ ಬ್ರಹ್ಮ, ವಿಷ್ಣು, ಶಿವ ಇವತ್ತು ಮುಂಬೈನ ಮ್ಯೂಸಿಯಂನಲ್ಲಿದ್ದಾರೆ. ಮೇಲೆ ಕತ್ತೆತ್ತಿ ನೋಡಬೇಕಾದ ಮೂರ್ತಿಯನ್ನು ಅಲ್ಲಿ ಎದುರಿಗೆ ನಿಂತು ನೋಡುತ್ತೇವೆ. ಗೈಡ್ ಆದವರು ಇದನ್ನು ಹೇಳಲೇಬೇಕು: ಈ ಮೂರ್ತಿ ಗುಡಿಯಲ್ಲಿ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಯಾರು ಮುಂದೆ ನಿಂತು ಏನು ಬೇಡುತ್ತಿದ್ದರು. ಇದು ಗೊತ್ತಾಗದೆ ನೋಡಿದರೆ ಹೆಸರು ಗೊತ್ತಿಲ್ಲದವರ ಮದುವೆ ಆಲ್ಬಂ ನೋಡಿದ ಹಾಗೆ.

ಹೀಗೆ ತೋರಿಸುವುದು ಆಗುವ ಕೆಲಸವೇ ಅಂತ ಯಾರಾದರೂ ಕೇಳಿದರೆ ಹಳೇ ಗೋವಾ ಕಡೆ ಕೈ ತೋರಿಸುತ್ತೇನೆ. ನಮ್ಮ ಕಡೆಯಿಂದ ಗೋವಾಕ್ಕೆ ಹೋಗುವವರು ಲೆಕ್ಕವಿಲ್ಲದಷ್ಟು. ಬೀಚು ನೋಡಿ, ಒಂದು ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಅಲ್ಲೇ ಸಾಂತಾ ಮೋನಿಕಾ ಅನ್ನುವ ಹಳೆಯ ಕಾನ್ವೆಂಟ್ ಇದೆ, 17ನೇ ಶತಮಾನದಲ್ಲಿ ಸನ್ಯಾಸಿನಿಯರಿಗಾಗಿ ಕಟ್ಟಿದ್ದು. ಅದರಲ್ಲಿ ಕ್ರೈಸ್ತ ಕಲೆಯ ಮ್ಯೂಸಿಯಂ ಇದೆ. 1994ರಲ್ಲಿ ರಾಯ್ತೂರು ಅಂದರೆ ರಾಶೋಲ್‌ನ ಸೆಮಿನರಿಯಲ್ಲಿ (ಪಾದ್ರಿಗಳಾಗುವವರು ಓದುವ ಶಾಲೆಯಲ್ಲಿ) ಶುರುವಾಗಿ 2002ರಲ್ಲಿ ಇಲ್ಲಿಗೆ ಬಂತು, ದುರಸ್ತಿ ಮುಗಿದು 2022ರಲ್ಲಿ ಮತ್ತೆ ಬಾಗಿಲು ತೆರೆಯಿತು. ಮನೆಯವರ ಜೊತೆ ಹೋಗಿದ್ದಾಗ ನಮ್ಮನ್ನು ಕರೆದುಕೊಂಡು ಹೋದ ಹುಡುಗಿ ಎಲ್ಲವನ್ನೂ ತೋರಿಸುವ ಗೋಜಿಗೆ ಹೋಗಲಿಲ್ಲ. ಕೆಲವೇ ವಸ್ತುಗಳ ಮುಂದೆ ನಿಲ್ಲಿಸಿದಳು. ಮೊದಲು ‘ಏನು ಕಾಣುತ್ತಿದೆ, ನೀವೇ ಹೇಳಿ’ ಅನ್ನುತ್ತಿದ್ದಳು, ಆಮೇಲೆ ತಾನು ಹೇಳುತ್ತಿದ್ದಳು.

ಅಲ್ಲಿ ಪೆಲಿಕನ್ ಹಕ್ಕಿಯ ಆಕಾರದಲ್ಲಿ ಬೆಳ್ಳಿಯಲ್ಲಿ ಮಾಡಿದ ಒಂದು ವಸ್ತು ಇದೆ, ಪೂಜೆಯ ಪವಿತ್ರ ರೊಟ್ಟಿ ಇಡುವಂಥದ್ದು, ಅದೇ ಕಾನ್ವೆಂಟಿನದು. ಪೆಲಿಕನ್ ಅಂದರೆ ಮದ್ದೂರಿನ ಕೊಕ್ಕರೆಬೆಳ್ಳೂರಿಗೆ ಬರುತ್ತದಲ್ಲ, ಆ ಹೆಜ್ಜಾರ್ಲೆ. ಮರಿಗಳು ಹಸಿದಾಗ ತಾಯಿ ಹೆಜ್ಜಾರ್ಲೆ ತನ್ನ ಎದೆಯನ್ನೇ ಕುಕ್ಕಿ ರಕ್ತ ಉಣಿಸುತ್ತದೆ ಅಂತ ಯುರೋಪಿನಲ್ಲಿ ಹಳೆಯ ನಂಬಿಕೆ. ಅದಕ್ಕೇ ಕ್ರಿಸ್ತನಿಗೆ ಅದು ಗುರುತಾಯಿತು. ಈ ಒಂದು ಮಾತು ಗೊತ್ತಿಲ್ಲದೆ ನೋಡಿದರೆ ಅದೊಂದು ಚೆಂದದ ಬೆಳ್ಳಿ ಹಕ್ಕಿ ಅಷ್ಟೇ. ಆಮೇಲೆ ದಂತದ ಕೆತ್ತನೆಗಳ ವಿಷಯ ಬಂತು. ಆ ಕಾಲದಲ್ಲಿ ಗೋವಾದಲ್ಲಿ ಕೆತ್ತುತ್ತಿದ್ದ ಒಂದು ಬಗೆಯ ಬಾಲಯೇಸು ಇದ್ದಾನೆ, ಕುರಿ ಕಾಯುವ ಹುಡುಗ. ಗುಡ್ಡದ ಮೇಲೆ ಕೂತು ಕೆನ್ನೆಗೆ ಕೈ ಆನಿಸಿ ಕಣ್ಣು ಮುಚ್ಚಿದ್ದಾನೆ, ಕೆಳಗೆ ಕುರಿಗಳು, ನೀರಿನ ಚಿಲುಮೆ. ನೋಡಿದರೆ ಧ್ಯಾನಕ್ಕೆ ಕೂತ ಬುದ್ಧನ ನೆನಪಾಗುತ್ತದೆ. ಕೆತ್ತಿದ ಕೈಗಳು ಇಲ್ಲಿಯವೇ ಅಲ್ಲವೇ! ಹಿಂದೂ ಕುಶಲಕರ್ಮಿಗಳು ಕ್ರೈಸ್ತ ಮೂರ್ತಿಗಳನ್ನು ಮಾಡಬಾರದು ಅಂತ ಆಗ ಅಲ್ಲಿ ಕಟ್ಟಪ್ಪಣೆಗಳೇ ಆಗಿದ್ದವು, ಆದರೂ ಕೆಲಸ ನಡೆಯುತ್ತಲೇ ಇತ್ತು. ನಮ್ಮತ್ತೆ ಚರ್ಚಿನ ಒಳಗೆ ಕಾಲಿಡಲು ಹಿಂದೆ ಮುಂದೆ ನೋಡುತ್ತಿದ್ದವರು, ಅಲ್ಲಿ ಒಂದೊಂದು ಮೂರ್ತಿಯ ಮುಂದೂ ನಿಂತು ಆ ಹುಡುಗಿಗೆ ಪ್ರಶ್ನೆ ಕೇಳುತ್ತಿದ್ದರು. ತನ್ನದಲ್ಲದ ಧರ್ಮದ ದೇವರ ಬಗ್ಗೆ ಗೌರವ ಬರುವುದು ಹೀಗೇ, ಭಾಷಣದಿಂದ ಅಲ್ಲ.

ಅಷ್ಟು ದೂರ ಯಾಕೆ, ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನಮ್ಮಲ್ಲೇ ಇದೆ. ಇಟಲಿಯಿಂದ ಬಂದ ಆಂಟೋನಿಯೊ ಮೋಸ್ಕೇನಿ ಎಂಬ ಜೆಸ್ಯೂಟ್ ಬ್ರದರ್ 1899ರ ಸುಮಾರಿಗೆ ಕೆಲಸ ಶುರು ಮಾಡಿ ಸುಮಾರು ಎರಡು ವರ್ಷದಲ್ಲಿ ಗೋಡೆ, ಚಾವಣಿ ಎಲ್ಲ ಚಿತ್ರಗಳಿಂದ ತುಂಬಿಸಿದರು. ಚಾವಣಿಯದು ಕ್ಯಾನ್ವಾಸ್ ಮೇಲಿನ ತೈಲಚಿತ್ರ, ಗೋಡೆಯದು ಫ್ರೆಸ್ಕೊ. ಫ್ರೆಸ್ಕೊ ಅಂದರೆ ಸುಣ್ಣದ ಗಿಲಾವು ಹಸಿಯಿರುವಾಗಲೇ ಬಣ್ಣ ಹಚ್ಚಬೇಕು, ಒಣಗಿದ ಮೇಲೆ ತಿದ್ದುವುದು ಬಹಳ ಕಷ್ಟ. ಅದಕ್ಕೇ ಗೋಡೆಯನ್ನು ತುಂಡು ತುಂಡಾಗಿ, ಒಂದು ದಿನಕ್ಕೆ ಎಷ್ಟು ಮುಗಿಯುತ್ತದೋ ಅಷ್ಟಕ್ಕೇ ಗಿಲಾವು ಮಾಡಿಕೊಳ್ಳುತ್ತಾರೆ. ಇಷ್ಟು ತಿಳಿದು ತಲೆ ಎತ್ತಿದವರು ನೋಡುವ ರೀತಿಯೇ ಬೇರೆ. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಚಿತ್ರಗಳ ಮುಂದೆಯೂ ಇದೇ ಮಾತು. ಎಷ್ಟೋ ಜನ ಬೆಟ್ಟ ಹತ್ತಿ ಇಳಿದು ಸುಸ್ತಾಗಿ, ಕೆಳಗಿರುವ ಮಠದೊಳಗೆ ಹೋಗದೆಯೇ ಬಸ್ಸು ಹತ್ತುತ್ತಾರೆ.

ನಮ್ಮ ಗದಗದ ಪಕ್ಕದ ಲಕ್ಕುಂಡಿಯನ್ನು ಬಿಟ್ಟರೆ ಪತ್ರ ಪೂರ್ತಿಯಾಗುವುದಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿದೆ, ಹತ್ತಿರದಲ್ಲೇ ಮೂರ್ತಿಗಳ ಮ್ಯೂಸಿಯಂ ಇದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು ಆಕೆ ಅಂತ ಕನ್ನಡ ಪಾಠದಲ್ಲಿ ಓದಿಸುತ್ತೇವೆ, ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಕೇಳುತ್ತೇವೆ. ಆಕೆ ಕಟ್ಟಿಸಿದ ಬಸದಿಯ ಒಳಗೆ ಹೋದರೆ ನಾಲ್ಕು ಮುಖದ ಬ್ರಹ್ಮ ನಿಂತಿದ್ದಾನೆ, ಇನ್ನೊಂದು ಕಡೆ ಪದ್ಮಾವತಿ ಇದ್ದಾಳೆ. ಜಿನಾಲಯದಲ್ಲಿ ಬ್ರಹ್ಮನೇ? ಅಂತ ಮಕ್ಕಳು ಕೇಳಿದಾಗ ಅಲ್ಲಿಂದಲೇ ಶುರು ಮಾಡಬಹುದು. ಒಂದೇ ಊರಿನಲ್ಲಿ ಜೈನರ ಬಸದಿ, ಶಿವನ ಗುಡಿ, ಮೆಟ್ಟಿಲು ಬಾವಿ ಎಲ್ಲ ಇದ್ದವು, ಕಂಬಗಳನ್ನು ಕಡೆದ ರೀತಿ ನೋಡಿದರೆ ಅಕ್ಕಸಾಲಿಗರ ಕೆಲಸದಷ್ಟು ನಾಜೂಕು. ಜೈನ ಮೂರ್ತಿಗಳನ್ನು ಗುರುತಿಸುವುದನ್ನೂ ಹೇಳಿಕೊಡಬಹುದು: ಏಳು ಹೆಡೆಯ ಹಾವಿದ್ದರೆ ಪಾರ್ಶ್ವನಾಥ, ಹೆಗಲ ಮೇಲೆ ಕೂದಲು ಇಳಿಬಿದ್ದಿದ್ದರೆ ಆದಿನಾಥ, ಮೈಗೆ ಬಳ್ಳಿ ಸುತ್ತಿದ್ದರೆ ಬಾಹುಬಲಿ. ಐಹೊಳೆ ಮ್ಯೂಸಿಯಂನಲ್ಲಿ ಅಲ್ಲಿನ ಗುಡ್ಡದ ಮೇಲಿರುವ ಮೇಗುಟಿ ಬಸದಿಯಿಂದ ತಂದ ಅಂಬಿಕೆ ಇದ್ದಾಳೆ, ಮಾವಿನ ಮರದ ಕೆಳಗೆ ಕೂತ ಯಕ್ಷಿ. ಚಾಲುಕ್ಯರ ಕಾಲದ ಮೂರ್ತಿಗಳಲ್ಲಿ ಒಂದನ್ನು ಆರಿಸು ಅಂದರೆ ನಾನು ಅವಳನ್ನೇ ಆರಿಸುತ್ತೇನೆ.

ಇನ್ನು ಏನಾಗಬೇಕು ಅಂತ ಹೇಳುತ್ತೇನೆ. ದೊಡ್ಡ ಯೋಜನೆ ಬೇಡ, ಕೋಟಿಗಟ್ಟಲೆ ಹಣವೂ ಬೇಡ. ಬೆಳಿಗ್ಗೆ 11ಕ್ಕೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ, ಮುಕ್ಕಾಲು ಗಂಟೆ, ಕನ್ನಡದಲ್ಲಿ. ಗುಂಪಿನಲ್ಲಿ 25 ಜನರಿಗಿಂತ ಜಾಸ್ತಿ ಬೇಡ, ಹಿಂದೆ ನಿಂತವರಿಗೂ ಕೇಳಿಸಬೇಕು. ಹತ್ತು ಮೂರ್ತಿ ಸಾಕು. ಟಿಕೆಟ್ ಕೌಂಟರ್‌ನಲ್ಲೇ ಸಮಯ ಬರೆದು ಹಾಕಿ, ದೊಡ್ಡವರಿಂದ ಇಪ್ಪತ್ತು ರೂಪಾಯಿ ತಗೊಳ್ಳಿ, ಶಾಲಾ ಮಕ್ಕಳಿಗೆ ಬಿಟ್ಟುಬಿಡಿ. ಹೇಳುವವರು ಯಾರು ಅಂದರೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಓದಿದ ಹುಡುಗ ಹುಡುಗಿಯರು ಪ್ರತಿ ವರ್ಷ ಹೊರಬರುತ್ತಾರೆ. ಓದಿದ್ದಕ್ಕೂ ಮಾಡುವ ಕೆಲಸಕ್ಕೂ ಸಂಬಂಧವೇ ಇಲ್ಲದೆ ಎಲ್ಲೆಲ್ಲೋ ದುಡಿಯುತ್ತಿದ್ದಾರೆ. ಅವರಿಗೆ ತಿಂಗಳ ಸಂಬಳ ಕೊಟ್ಟು ಈ ಕೆಲಸಕ್ಕೆ ಹಾಕಿ. ದೆಹಲಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಜನರನ್ನು ಸುತ್ತಾಡಿಸುವ ವ್ಯವಸ್ಥೆ ಮಾಡಿದ್ದರು, ನಿವೃತ್ತ ಮೇಷ್ಟ್ರುಗಳಿಂದ, ಗೃಹಿಣಿಯರಿಂದ ಇಲ್ಲೂ ಅದನ್ನು ಮಾಡಿಸಬಹುದು. ಆದರೆ ಎಲ್ಲವನ್ನೂ ಪುಕ್ಕಟೆ ದುಡಿಮೆಯ ಮೇಲೆ ಬಿಡಬಾರದು, ಅದು ಬಹಳ ದಿನ ನಡೆಯುವುದಿಲ್ಲ.

ಮೊಬೈಲ್‌ನಲ್ಲಿ ಕ್ಯೂಆರ್ ಕೋಡ್ ಇದ್ದರೆ ಸಾಕಲ್ಲ ಅನ್ನುವವರಿದ್ದಾರೆ. ಇರಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಮಕ್ಕಳ ಕೈಯಲ್ಲಿ ಪ್ರವಾಸಕ್ಕೆ ಮೊಬೈಲ್ ಕೊಡುವುದಿಲ್ಲ, ಹಳ್ಳಿಯಿಂದ ಬಂದ ಅಜ್ಜಿ ಕೋಡ್ ಸ್ಕ್ಯಾನ್ ಮಾಡುವುದಿಲ್ಲ, ಮತ್ತೆ ಕೋಡ್‌ಗೆ ತಿರುಗಿ ಪ್ರಶ್ನೆ ಕೇಳಲಾಗುವುದಿಲ್ಲ. ಜನ ಬರುವುದಿಲ್ಲ ಅನ್ನುವ ಮಾತೂ ಕೇಳಿದ್ದೇನೆ. ಜನ ಗುಡಿಯ ತನಕ ಬಂದಿರುತ್ತಾರೆ ಸ್ವಾಮಿ, ಮ್ಯೂಸಿಯಂ ಒಳಗೆ ಕರೆಯುವವರು ಇಲ್ಲ ಅಷ್ಟೇ.

ಒಂದು ಎಚ್ಚರಿಕೆ ಮಾತ್ರ ಬೇಕು. ಧಾರ್ಮಿಕ ಮೂರ್ತಿಗಳ ಬಗ್ಗೆ ಮಾತಾಡುವಾಗ ಎರಡು ಕಡೆ ಜಾರುವ ಅಪಾಯ ಇದೆ. ಒಂದು, ಎಲ್ಲದಕ್ಕೂ ಪವಾಡ ಕಟ್ಟುವುದು, ‘ಆಗಲೇ ನಮ್ಮಲ್ಲಿ ದುರ್ಬೀನು ಇತ್ತು ನೋಡಿ’ ಅಂತ ಶಿಲ್ಪ ತೋರಿಸಿ ಚಪ್ಪಾಳೆ ಗಿಟ್ಟಿಸುವುದು. ಇದನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ, ಮಕ್ಕಳು ಅದನ್ನೇ ನಿಜ ಅಂದುಕೊಂಡು ಪರೀಕ್ಷೆಯಲ್ಲಿ ಬರೆಯುತ್ತಾರೆ. ಇನ್ನೊಂದು, ಒಡೆದ ಮೂರ್ತಿ ಕಂಡ ಕೂಡಲೇ ಯಾರು ಒಡೆದರು ಅಂತ ಇವತ್ತಿನ ಜಗಳ ಶುರು ಮಾಡುವುದು. 14ನೇ ಶತಮಾನದ ಆರಂಭದಲ್ಲಿ ಮಲಿಕ್ ಕಾಫೂರನ ದಾಳಿ ಆದದ್ದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮಳೆ ಬಿಸಿಲಿಗೆ ಸವೆದದ್ದು, ಗುಡಿ ಕುಸಿದು ಮುರಿದದ್ದು, ನಿಧಿ ಆಸೆಗೆ ಅಗೆದದ್ದು, ಕದ್ದು ಮಾರಿದ್ದು ಇವೆಲ್ಲವೂ ಇವೆ. ಇದ್ದದ್ದನ್ನು ಇದ್ದ ಹಾಗೆ ಹೇಳಲು ಬರುವವರನ್ನೇ ಆರಿಸಬೇಕು, ತರಬೇತಿ ಕೊಟ್ಟ ಮೇಲೂ ಆಗಾಗ ಯಾರಾದರೂ ಹೋಗಿ ಕೂತು ಕೇಳಬೇಕು.

ಹಂಪಿಗೆ 1986ರಲ್ಲಿ, ಪಟ್ಟದಕಲ್ಲಿಗೆ 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಸಂತೋಷ. ಆ ಊರುಗಳ ಮೂರ್ತಿಗಳ ಬಗ್ಗೆ ಆ ಊರಿನ ಭಾಷೆಯಲ್ಲಿ ಕೇಳುವ ಹಕ್ಕು ನಮ್ಮ ಮಕ್ಕಳಿಗೂ ಇದೆ. ಪುರಾತತ್ವ ಇಲಾಖೆ, ಪ್ರವಾಸೋದ್ಯಮ ಇಲಾಖೆ, ಶಿಕ್ಷಣ ಇಲಾಖೆ ಮೂರೂ ಒಟ್ಟಿಗೆ ಕೂತು ಮಾತಾಡಿದರೆ ಇದು ಒಂದು ಸಭೆಯಲ್ಲಿ ತೀರ್ಮಾನ ಆಗುವ ವಿಷಯ. ಎಲ್ಲ ಕಡೆ ಒಮ್ಮೆಗೇ ಆಗದಿದ್ದರೆ ಬಾದಾಮಿ ಒಂದರಲ್ಲಿ ಶುರು ಮಾಡಲಿ, ಮುಂದಿನ ಮೇ 18ಕ್ಕೆ, ಅಂತರರಾಷ್ಟ್ರೀಯ ಮ್ಯೂಸಿಯಂ ದಿನಕ್ಕೆ, ಹೇಗೆ ನಡೆಯಿತು ಅಂತ ನೋಡಲಿ. ನಿಮ್ಮ ಪತ್ರಿಕೆಯ ಜಿಲ್ಲಾ ವರದಿಗಾರರು ತಮ್ಮ ತಮ್ಮ ಊರಿನ ಮ್ಯೂಸಿಯಂಗೆ ಒಂದು ಸಲ ಹೋಗಿ, ಅಲ್ಲಿ ಕನ್ನಡದಲ್ಲಿ ವಿವರಿಸುವವರು ಇದ್ದಾರಾ, ಫಲಕಗಳಲ್ಲಿ ಏನು ಬರೆದಿದೆ ಅಂತ ನೋಡಿ ಬರೆದರೆ ದೊಡ್ಡ ಉಪಕಾರ. ಇದ್ದರೆ ಸಮಯವನ್ನೂ ಛಾಪಿಸಿ, ನಾವು ಅದಕ್ಕೆ ತಕ್ಕಂತೆ ಬಸ್ಸು ಹೊರಡಿಸುತ್ತೇವೆ.

ಇಂತಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ,
ಗದಗ ಜಿಲ್ಲೆ